ಆಫರ್ ಲೆಟರಿನ ತಾರೀಕು, ಹುಟ್ಟಬೇಕಾದ ಕೂಸು

(ಬೆಳಗಾವಿಯಲ್ಲಿ ದುಡಿಯುವ ಮಹಿಳೆಯರ ಎದುರು ಆಡಿದ ಮಾತುಗಳ ಬರಹ ರೂಪ)

ನೀವು ಬರೆದುಕೊಟ್ಟ ಚೀಟಿಗಳನ್ನು ಓದಿಕೊಂಡೇ ಇಲ್ಲಿ ನಿಂತಿದ್ದೇನೆ. ಹೆಸರು ಬೇಡ ಎಂದಿದ್ದೆ, ಯಾರೂ ಬರೆದಿಲ್ಲ, ಒಳ್ಳೆಯದಾಯಿತು. ಹೆಚ್ಚಿನ ಚೀಟಿಗಳಲ್ಲಿ ಇರುವುದು ಒಂದೇ ಪ್ರಶ್ನೆ, ಊರು ಮಾತ್ರ ಬೇರೆ. ಒಂದನ್ನು ಓದುತ್ತೇನೆ: “ಮೇಡಂ, ನನಗ 29 ವರ್ಷ. ಮದುವಿ ಆಗಿ ಎರಡು ವರ್ಷ ಆತು. ಇಲ್ಲಿನ ಉದ್ಯಮಬಾಗ ಕೈಗಾರಿಕಾ ಪ್ರದೇಶದಾಗ ಕ್ವಾಲಿಟಿ ವಿಭಾಗದಾಗ ಅದೀನಿ. ಪುಣೇದಿಂದ ಆಫರ್ ಬಂದೈತಿ, ಪಗಾರ ಹೆಚ್ಚೂಕಡಿಮಿ ದುಪ್ಪಟ್ಟು. ಮನ್ಯಾಗ ಮೊದಲ ಒಂದು ಕೂಸು ಆಗ್ಲಿ, ಆಮ್ಯಾಲೆ ನೋಡೂಣು ಅಂತಾರ. ಏನ್ ಮಾಡ್ಲಿ?”

ಉತ್ತರ ಈಗಲೇ ಹೇಳಿಬಿಡುತ್ತೇನೆ, ಒಂದು ತಾಸು ಕಾಯಿಸುವುದಿಲ್ಲ. ಹೋಗವ್ವಾ, ಪುಣೆಗೆ ಹೋಗು. ಹೋಗುವ ಮೊದಲು ಕೆಲವು ಕಾಗದ ನೋಡು, ಗಂಡನನ್ನು ಎದುರಿಗೆ ಕೂಡಿಸಿಕೊಂಡು ಒಂದಿಷ್ಟು ಲೆಕ್ಕ ಹಾಕು. ಕೂಸು ಬೇಡ ಎಂದು ಹೇಳಲು ನಾನು ಬಂದಿಲ್ಲ. ಕೂಸು ಆಗುವವರೆಗೆ ನೌಕರಿ ಒಂದು ಮೂಲೆಯಲ್ಲಿ ನಿಂತಿರಲಿ ಎನ್ನುವ ಮಾತಿಗೆ ನನ್ನ ತಕರಾರು.

ಆ ಆಫರ್ ಲೆಟರ್ ತೆಗೆದು ನೋಡಿ. ಇಂಥ ತಾರೀಕಿನೊಳಗೆ ಹಾಜರಾಗಬೇಕು ಎಂದು ಬರೆದಿರುತ್ತದೆ. ಕೂಸಿಗೆ ಅಂಥ ತಾರೀಕು ಯಾವ ಡಾಕ್ಟರೂ ಬರೆದುಕೊಡುವುದಿಲ್ಲ. ಇಪ್ಪತ್ತೆಂಟು, ಇಪ್ಪತ್ತೊಂಬತ್ತರ ಆರೋಗ್ಯವಂತ ಜೋಡಿಗೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ನಾಲ್ಕೈದರಲ್ಲಿ ಒಂದು, ಅಷ್ಟೇ. ವರ್ಷ ತುಂಬುವುದರೊಳಗೆ ನೂರರಲ್ಲಿ 80ಕ್ಕೂ ಹೆಚ್ಚು ಜೋಡಿಗಳಿಗೆ ನಿಲ್ಲುತ್ತದೆ, ಉಳಿದವರಲ್ಲಿ ಬಹಳ ಜನಕ್ಕೆ ಎರಡನೇ ವರ್ಷದಲ್ಲಿ. ಇನ್ನು, ಗೊತ್ತಾದ ಗರ್ಭಗಳಲ್ಲಿ ನೂರಕ್ಕೆ 10ರಿಂದ 20 ಉಳಿಯುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಅರ್ಧದಷ್ಟಕ್ಕೆ ಕಾರಣ ಕ್ರೋಮೋಸೋಮಿನ ಏರುಪೇರು. ನೀವು ಸ್ಕೂಟಿ ಹೊಡೆದದ್ದಲ್ಲ, ಆಫೀಸಿನ ಮೆಟ್ಟಿಲು ಹತ್ತಿದ್ದೂ ಅಲ್ಲ. ಇದನ್ನು ಮನೆಯ ಹಿರಿಯರಿಗೂ ಒಮ್ಮೆ ಹೇಳಿ, ಏಕೆಂದರೆ ಗರ್ಭ ಹೋದಾಗ ಮೊದಲು ಬೈಸಿಕೊಳ್ಳುವುದು ನೌಕರಿ.

ನಾನು ಎಚ್‌ಆರ್ ವಿಭಾಗದಲ್ಲಿದ್ದ ಕಾರ್ಖಾನೆಯಲ್ಲಿ ಅಕೌಂಟ್ಸಿನ ಒಬ್ಬ ಹುಡುಗಿ ಇದ್ದಳು. ಇನ್ನೊಂದು ಘಟಕಕ್ಕೆ ಬಡ್ತಿ ಕೊಟ್ಟು ಕಳಿಸುವುದೆಂದು ಮಾತಾಯಿತು. “ಈ ವರ್ಷ ಕೂಸು ಅಂತ ಅನ್ಕೊಂಡೀವ್ರಿ” ಎಂದು ಬೇಡವೆಂದಳು. ಕೂಸು ಬಂದದ್ದು ಮೂರನೇ ವರ್ಷಕ್ಕೆ. ಆ ಬಡ್ತಿ ಅವಳಿಗಿಂತ ಕಿರಿಯ ಹುಡುಗನಿಗೆ ಹೋಯಿತು, ಮುಂದೆ ಅವನೇ ಅವಳ ರಜೆ ಚೀಟಿಗೆ ಸಹಿ ಹಾಕುವವನಾದ. ಒಮ್ಮೆ ಚಹಾ ಕುಡಿಯುತ್ತ ಅಂದಳು: “ಮಗ ಚಲೋ ಅದಾನ್ರಿ, ಅದಕ್ಕೇನು. ಆದರ ಆ ಎರಡು ವರ್ಷ ನಾನು ಯಾರ ಸಲುವಾಗಿ ಕಾದೆ, ಅದು ತಿಳಿಯವಲ್ದು.” ಇಂಥವರನ್ನು ನಾನು ಬಹಳ ನೋಡಿದ್ದೇನೆ. ಗರ್ಭಿಣಿಯಾಗುವ ಮೊದಲೇ ದೊಡ್ಡ ಕೆಲಸ ಬೇಡ ಎನ್ನುವುದು, ಮೀಟಿಂಗಿನಲ್ಲಿ ಹಿಂದಿನ ಕುರ್ಚಿ ಹಿಡಿಯುವುದು, ‘ಹೆಂಗೂ ಬಿಡೋದೈತಿ’ ಎಂದು ಹೊಸ ಸಾಫ್ಟ್‌ವೇರ್ ಕಲಿಯದೆ ಬಿಡುವುದು. ಯಾರೂ ಅವರನ್ನು ತೆಗೆದುಹಾಕಿರುವುದಿಲ್ಲ, ತಾವಾಗಿಯೇ ಹಿಂದೆ ಸರಿದಿರುತ್ತಾರೆ.

ಇದಕ್ಕೆ ಎದುರು ದಿಕ್ಕಿನ ಲೆಕ್ಕವೂ ಇದೆ, ಮುಚ್ಚಿಡುವುದಿಲ್ಲ. ‘ಇನ್ನೊಂದು ಬಡ್ತಿ, ಇನ್ನೊಂದು ಮನೆ ಸಾಲದ ಕಂತು’ ಎನ್ನುತ್ತ ಮುಂದೆ ಹಾಕಿದರೆ ದೇಹ ಕಾಯುವುದಿಲ್ಲ. ಹೆಣ್ಣಿನಲ್ಲಿ ಗರ್ಭ ನಿಲ್ಲುವ ಶಕ್ತಿ ಮೂವತ್ತರ ನಂತರ ನಿಧಾನವಾಗಿ, 35ರ ನಂತರ ಬೇಗ ಬೇಗ ಇಳಿಯುತ್ತದೆ, ಗರ್ಭಪಾತದ ಸಾಧ್ಯತೆ ಏರುತ್ತದೆ. ಅದಕ್ಕೇ ಡಾಕ್ಟರುಗಳ ಸಲಹೆ ಹೀಗಿದೆ: 35ರ ಒಳಗಿದ್ದರೆ ಒಂದು ವರ್ಷ ಪ್ರಯತ್ನಿಸಿ ಆಗದಿದ್ದಾಗ ತೋರಿಸಿಕೊಳ್ಳಿ, 35 ದಾಟಿದ್ದರೆ ಆರೇ ತಿಂಗಳಿಗೆ. ತೋರಿಸಿಕೊಳ್ಳುವುದು ಎಂದರೆ ಇಬ್ಬರೂ. ನಮ್ಮಲ್ಲಿ ಹೆಣ್ಣಿಗೆ ಸ್ಕ್ಯಾನಿಂಗ್, ರಕ್ತ, ಥೈರಾಯ್ಡ್, ಹರಕೆ ಎಲ್ಲ ಮುಗಿದ ಮೇಲೆ ಗಂಡಿನ ವೀರ್ಯ ಪರೀಕ್ಷೆ. ಸರಳ, ಅಗ್ಗದ ಪರೀಕ್ಷೆ ಅದು, ಮೊದಲೇ ಆಗಬೇಕು.

ಒಂದು ಚೀಟಿಯಲ್ಲಿ ಎಎಂಎಚ್ ಪರೀಕ್ಷೆ, ಅಂದರೆ ಅಂಡಾಶಯದಲ್ಲಿ ಉಳಿದ ಅಂಡಾಣುಗಳ ಅಂದಾಜು ಕೊಡುವ ರಕ್ತ ಪರೀಕ್ಷೆ, ಮಾಡಿಸಿ ನೌಕರಿಯ ನಿರ್ಧಾರ ಮಾಡಲೇ ಎಂದು ಕೇಳಿದ್ದಾರೆ. ಐವಿಎಫ್ ಮಾಡಿದರೆ ಎಷ್ಟು ಅಂಡಾಣು ಸಿಗಬಹುದು ಎಂಬ ಅಂದಾಜಿಗೆ ಆ ಸಂಖ್ಯೆ ಉಪಯೋಗಕ್ಕೆ ಬರುತ್ತದೆ. ಸಹಜವಾಗಿ ಗರ್ಭ ನಿಲ್ಲುತ್ತದೋ ಇಲ್ಲವೋ ಎಂದು ಅದು ಹೇಳುವುದಿಲ್ಲ. ಅಂಡಾಣು ಫ್ರೀಜ್ ಮಾಡಿಸುವ ಮಾತೂ ಒಂದು ಚೀಟಿಯಲ್ಲಿದೆ. ಐವಿಎಫ್‌ನಂಥ ಚಿಕಿತ್ಸೆಗಳ 2021ರ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ. ಆದರೆ ಖರ್ಚು ಮಾಡಿ ಇಟ್ಟದ್ದೆಲ್ಲ ಕೂಸಾಗಿ ಬರುತ್ತದೆ ಎಂಬ ಖಾತರಿ ಇಲ್ಲ. ನಾನು ಡಾಕ್ಟರಲ್ಲ, ಇಲ್ಲಿಗೆ ಇದನ್ನು ಬಿಡುತ್ತೇನೆ. ಚೀಟಿಯ ಹುಡುಗಿಗೆ 29. ಅವಳಿಗೆ ಸಮಯ ಇದೆ, ಹತ್ತು ವರ್ಷ ಇಲ್ಲ. 36ರ ಹೆಣ್ಣುಮಗಳು ಇದೇ ಪ್ರಶ್ನೆ ಕೇಳಿದ್ದರೆ, ‘ನೌಕರಿಗೂ ಸೇರು, ಇದೇ ತಿಂಗಳು ಡಾಕ್ಟರರನ್ನೂ ಕಾಣು, ಎರಡೂ ಒಟ್ಟಿಗೇ ನಡೆಯಲಿ’ ಎನ್ನುತ್ತಿದ್ದೆ.

ಈಗ ಕಾಗದದ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಪೆನ್ನು ಇದ್ದವರು ಬರೆದುಕೊಳ್ಳಿ.

“ಹೊಸ ಕಂಪನಿಗೆ ಸೇರಿ ಎರಡು ವರ್ಷ ಆಗದೆ ಹೆರಿಗೆ ರಜೆ ಸಿಗೂದಿಲ್ಲ” ಎನ್ನುವವರು ಪ್ರತಿ ಆಫೀಸಿನಲ್ಲಿ ಒಬ್ಬರಾದರೂ ಇರುತ್ತಾರೆ. ಸುಳ್ಳು. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಇದ್ದ ಷರತ್ತು ಇಷ್ಟೇ: ಹೆರಿಗೆಗೆ ಕೊಟ್ಟ ತಾರೀಕಿನ ಹಿಂದಿನ ಹನ್ನೆರಡು ತಿಂಗಳಲ್ಲಿ ಆ ಮಾಲೀಕರ ಬಳಿ 80 ದಿನ ಕೆಲಸ ಮಾಡಿರಬೇಕು. 2017ರ ತಿದ್ದುಪಡಿ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು, 80 ದಿನವನ್ನು ಮುಟ್ಟಲಿಲ್ಲ. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ ಲೆಕ್ಕ ಇದೆ. ಪುಣೆಗೆ ಜುಲೈ ಒಂದಕ್ಕೆ ಸೇರಿದಿರಿ ಎಂದುಕೊಳ್ಳಿ. ಆಗಲೇ ಎರಡು ತಿಂಗಳ ಗರ್ಭಿಣಿ, ಹೆರಿಗೆ ಜನವರಿ ಕೊನೆಗೆ. ವಾರಕ್ಕೆ ಐದು ದಿನದ ಕೆಲಸವೆಂದು ಹಿಡಿದರೂ ಅಕ್ಟೋಬರ್ ಮುಗಿಯುವುದರೊಳಗೆ 80 ದಿನ ತುಂಬಿರುತ್ತದೆ. ಗರ್ಭಿಣಿಯಾಗಿ ಸೇರಿದವರಿಗೇ ಸಿಗುತ್ತದೆ ಎಂದ ಮೇಲೆ ಇನ್ನೂ ಗರ್ಭಿಣಿಯಾಗದವರು ಯಾಕೆ ಹೆದರಬೇಕು?

26 ವಾರ ಮೊದಲ ಎರಡು ಮಕ್ಕಳಿಗೆ. ಮೂರನೆಯದಕ್ಕೆ 12. ಆ 26ರಲ್ಲಿ ಹೆರಿಗೆಗೆ ಮೊದಲು ಹೆಚ್ಚೆಂದರೆ 8 ವಾರ ತೆಗೆದುಕೊಳ್ಳಬಹುದು. ನಮ್ಮ ಕಡೆ ಇಲ್ಲೊಂದು ತೊಡಕಿದೆ. ಏಳು ತಿಂಗಳಿಗೆ ಕುಬಸ, ಅಂದರೆ ಸೀಮಂತ, ಕುಬಸ ಆದ ಕೂಡಲೆ ತವರಿಗೆ ಕರೆದುಕೊಂಡು ಹೋಗುವುದು. ಅಲ್ಲಿಗೆ 8 ವಾರ ಖರ್ಚಾಯಿತು, ಕೂಸು ಬಂದ ಮೇಲೆ ಕೈಯಲ್ಲಿ ಉಳಿಯುವುದು 18. ಕೆಲಸಕ್ಕೆ ಮರಳುವಾಗ ಕೂಸಿಗೆ ನಾಲ್ಕೇ ತಿಂಗಳು, ಎದೆಹಾಲಿನ ಹೊರತು ಬೇರೇನೂ ಕೊಡಬಾರದ ವಯಸ್ಸು. ಡಾಕ್ಟರು ಒಪ್ಪಿದರೆ ಹೆರಿಗೆಯ ಹತ್ತಿರದವರೆಗೂ ಕೆಲಸ ಮಾಡಿ ವಾರಗಳನ್ನು ಕೂಸಿನ ಕಡೆಗೆ ಉಳಿಸಿಕೊಳ್ಳುವುದು ಜಾಣತನ. ಕುಬಸ ಬೇಡ ಎಂದಲ್ಲ, ಭಾನುವಾರ ಇಟ್ಟುಕೊಳ್ಳಿ.

ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಅದರ ಲೆಕ್ಕ ಬೇರೆ. ತಿಂಗಳ ಪಗಾರ 21,000 ರೂಪಾಯಿಯವರೆಗೆ ಇರುವವರು ಇಎಸ್‌ಐ ಕೆಳಗೆ ಬರುತ್ತೀರಿ, ಹೆರಿಗೆಯ ಹಣ ಕೊಡುವುದು ಮಾಲೀಕರಲ್ಲ, ಇಎಸ್‌ಐ ನಿಗಮ. ಅಲ್ಲಿ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದೊಂದು ಆರು ತಿಂಗಳದ್ದು) 70 ದಿನದ ವಂತಿಗೆ ಇರಬೇಕು. ಮೊದಲ ಸಲ ಇಎಸ್‌ಐಗೆ ಸೇರಿದವರಿಗೆ ಸೌಲಭ್ಯದ ಅವಧಿ ಶುರುವಾಗುವುದೇ ಸೇರಿ ಒಂಬತ್ತು ತಿಂಗಳಾದ ಮೇಲೆ. ನಿಯಮ ಬರೆದವರಿಗೆ ಗೊತ್ತಿದ್ದೇ ಬರೆದರೋ ಏನೋ! ಹಾಗಾಗಿ ಇಎಸ್‌ಐ ಪಗಾರದ ಮೊದಲ ನೌಕರಿಗೆ ಹೋಗುವ ಹುಡುಗಿಯರು ಮಾತ್ರ ತಿಂಗಳು ಎಣಿಸುವುದು ಒಳ್ಳೆಯದು. ಒಂದು ಇಎಸ್‌ಐ ನೌಕರಿಯಿಂದ ಇನ್ನೊಂದಕ್ಕೆ ಹೋಗುವವರು ಹಳೆಯ ವಿಮಾ ಸಂಖ್ಯೆಯನ್ನೇ ಹೊಸ ಕಡೆ ಕೊಡಿ. ಹೊಸ ಸಂಖ್ಯೆ ಮಾಡಿಸಿದರೆ ಹಳೆಯ ವಂತಿಗೆ ಇದ್ದೂ ಇಲ್ಲದಂತಾಗುತ್ತದೆ, ಆಮೇಲೆ ಎರಡನ್ನೂ ಜೋಡಿಸಲು ಓಡಾಟ. ಹೊಟ್ಟೆ ಹೊತ್ತುಕೊಂಡು ಆ ಓಡಾಟ ಬೇಕಾಗಿಲ್ಲ.

ಗುತ್ತಿಗೆಯಲ್ಲಿ ಇರುವವರು ಕೈ ಎತ್ತಿ… ಹೌದು, ಅರ್ಧಕ್ಕರ್ಧ. ದಿನಗೂಲಿ ಹೆಣ್ಣುಮಕ್ಕಳಿಗೂ ಹೆರಿಗೆ ಸೌಲಭ್ಯ ಉಂಟು ಎಂದು ಸುಪ್ರೀಂ ಕೋರ್ಟ್ ದೆಹಲಿ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ 2000ದಲ್ಲೇ ಹೇಳಿದೆ. 2023ರಲ್ಲಿ ಒಬ್ಬ ಗುತ್ತಿಗೆ ವೈದ್ಯೆಯ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ಗುತ್ತಿಗೆಯ ಅವಧಿ ನಡುವೆ ಮುಗಿದರೂ ಸೌಲಭ್ಯವನ್ನು ಪೂರ್ತಿ ಕೊಡಬೇಕು ಎಂದಿತು. ಕೋರ್ಟಿನ ಮಾತು ನಿಮ್ಮ ಗುತ್ತಿಗೆದಾರನ ಕಿವಿಗೆ ತಾನಾಗಿ ಬೀಳುವುದಿಲ್ಲ. ಅರ್ಜಿ ಬರೆದು ಕೊಡಿ, ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಬಾಯಿ ಮಾತಿನಲ್ಲಿ ‘ನೋಡೂಣು’ ಎಂದವನು ಆಮೇಲೆ ನೋಡುವುದೇ ಇಲ್ಲ. ಇನ್ನು ಹತ್ತು ಜನರೂ ಇಲ್ಲದ ಅಂಗಡಿ, ಆಫೀಸು, ಕ್ಲಿನಿಕ್ಕುಗಳು ಹೆರಿಗೆ ಸೌಲಭ್ಯದ ಕಾನೂನಿನ ಹೊರಗೆ ಉಳಿದುಬಿಟ್ಟಿವೆ. ಅಂಥ ಕಡೆಯಿಂದ ದೊಡ್ಡ ಕಂಪನಿಗೆ ಕರೆ ಬಂದಿದ್ದರೆ, ಕೂಸಿನ ಸಲುವಾಗಿಯೇ ನೌಕರಿ ಬದಲಿಸಬೇಕು. ಮನೆಯವರಿಗೆ ಈ ಮಾತು ಹೇಳಿ ನೋಡಿ, ವಾದದ ದಿಕ್ಕೇ ತಿರುಗುತ್ತದೆ.

ಇಂಟರ್‌ವ್ಯೂದಲ್ಲಿ “ಮದುವಿ ಆಗೇದೇನು? ಮಕ್ಕಳ ವಿಚಾರ ಏನೈತಿ?” ಎಂದು ಕೇಳಿದರೆ ಏನು ಹೇಳಬೇಕು? ಆ ಮೇಜಿನ ಆಚೆ ಬದಿಗೆ ಬಹಳ ಕಾಲ ಕೂತವಳು ನಾನು. ಕೇಳುವವರಲ್ಲಿ ಕೆಲವರಿಗೆ ಅದು ಬರೀ ಲೋಕಾಭಿರಾಮ, ಕೆಲವರು ಪಕ್ಕಾ ಲೆಕ್ಕ ಹಾಕುತ್ತಿರುತ್ತಾರೆ. “ಸರ್, ಈ ಕೆಲಸಕ್ಕೆ ಬೇಕಾದ ಸಮಯ ನಾನು ಕೊಡ್ತೀನಿ, ಶಿಫ್ಟಿನ ಬಗ್ಗೆ ಸ್ವಲ್ಪ ಹೇಳ್ರಿ” ಎಂದು ಮಾತನ್ನು ಕೆಲಸಕ್ಕೆ ತನ್ನಿ. ಜಗಳ ಬೇಡ, ಜಾತಕ ಒಪ್ಪಿಸುವುದೂ ಬೇಡ. ಸೇರಿದ ಮೇಲೆ ಗರ್ಭಿಣಿ ಎಂದು ಗೊತ್ತಾಗಿ, ರಜೆಯ ಕಾರಣಕ್ಕೆ ತೆಗೆದುಹಾಕಿದರೆ ಅದು ಕಾನೂನುಬಾಹಿರ. ಪ್ರೊಬೇಷನ್ನಿನಲ್ಲಿದ್ದೀರಿ ಎಂಬುದು ಅದಕ್ಕೆ ನೆಪವಾಗುವುದಿಲ್ಲ.

ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಇನ್ನೊಂದು ದೊಡ್ಡ ಗುಂಪಿದೆ: “ಸರಕಾರಿ ನೌಕರಿ ಹತ್ಲಿ, ಆಮ್ಯಾಲೆ ಎಲ್ಲಾ.” ಸರಕಾರಿ ನೌಕರಿಯ ಅನುಕೂಲ ನಿಜವೇ. ರಾಜ್ಯ ಸರಕಾರದಲ್ಲಿ 180 ದಿನ ಹೆರಿಗೆ ರಜೆ, ಗಂಡನೂ ಸರಕಾರಿ ನೌಕರನಾಗಿದ್ದರೆ ಅವನಿಗೆ 15 ದಿನ ಪಿತೃತ್ವ ರಜೆ, 2021ರಿಂದ ಹೆಣ್ಣುಮಕ್ಕಳಿಗೆ ಒಟ್ಟು ಸೇವೆಯಲ್ಲಿ 180 ದಿನ ಶಿಶುಪಾಲನಾ ರಜೆ. ಆದರೆ ಅಧಿಸೂಚನೆ, ಪರೀಕ್ಷೆ, ಕೀ ಉತ್ತರದ ಆಕ್ಷೇಪಣೆ, ಕೋರ್ಟು, ತಡೆಯಾಜ್ಞೆ, ಮರುಪರೀಕ್ಷೆ – ಇದಕ್ಕೂ ಒಂದು ತಾರೀಕು ಇದೆ ಎಂದು ನಂಬಿ ಕೂತವರು ಧಾರವಾಡದ ಕೋಣೆಗಳಲ್ಲಿ ಮೂವತ್ತು ದಾಟಿದ್ದಾರೆ. ನೌಕರಿ ಹತ್ತಿದ ಮೇಲೂ ಮುಗಿಯಿತೆಂದಲ್ಲ. ಬೆಳಗಾವಿ ಒಂದೇ ಜಿಲ್ಲೆ ನಿಜ, ಖಾನಾಪುರದಲ್ಲಿ ಗಂಡ, ಅಥಣಿಯಲ್ಲಿ ಹೆಂಡತಿ ಇದ್ದರೆ ಅದು ಎರಡು ಸಂಸಾರ. ಪತಿ-ಪತ್ನಿ ಪ್ರಕರಣದಲ್ಲಿ ವರ್ಗಾವಣೆ ಕೇಳಬಹುದು, ಕೌನ್ಸೆಲಿಂಗ್ ಯಾವಾಗ ನಡೆಯುತ್ತದೆ ಎಂದು ಕಾಯುತ್ತ ಇರಬೇಕು. ಪರೀಕ್ಷೆಗೆ ಓದುವವರಿಗೆ ನಾನು ಹೇಳುವುದು, ಕೂಸನ್ನು ಫಲಿತಾಂಶಕ್ಕೆ ಗಂಟು ಹಾಕಬೇಡಿ.

ಇಷ್ಟು ಹೊತ್ತು ರಜೆಯ ಮಾತಾಯಿತು. 26 ವಾರ ಮುಗಿದ ಮಾರನೆಯ ಬೆಳಗ್ಗೆ ಒಂಬತ್ತಕ್ಕೆ ಕೂಸು ಯಾರ ತೊಡೆಯ ಮೇಲೆ ಇರುತ್ತದೆ? ನೌಕರಿ ಬದಲಿಸುವಾಗ ಪಗಾರಕ್ಕಿಂತ ಹೆಚ್ಚು ತೂಗಬೇಕಾದದ್ದು ಇದು. 50 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಶಿಶುಪಾಲನಾ ಕೇಂದ್ರ (ಕ್ರೆಶ್) ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಬಹುದು ಎಂದು ಕಾಯ್ದೆ ಹೇಳುತ್ತದೆ. ಕಾಯ್ದೆ ಹೇಳಿದ್ದು ಹೇಗಿರುತ್ತದೆ ಎಂದು ಒಂದು ಕಾರ್ಖಾನೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಕ್ಯಾಂಟೀನಿನ ಹಿಂದೆ ಒಂದು ಕೋಣೆ. ಬಾಗಿಲ ಮೇಲೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಬೋರ್ಡು. ಬೀಗ. ಕೀಲಿ ಸೆಕ್ಯೂರಿಟಿಯವನ ಹತ್ತಿರ, ಅವನು ಊಟಕ್ಕೆ ಹೋಗಿದ್ದ. ಬಂದು ತೆಗೆದಾಗ ಒಳಗೆ ಎರಡು ತೊಟ್ಟಿಲು, ಅಂಗಡಿಯ ಪ್ಲಾಸ್ಟಿಕ್ ಹಾಳೆ ಇನ್ನೂ ಬಿಚ್ಚಿರಲಿಲ್ಲ, ಒಂದರೊಳಗೆ ಹಳೆಯ ಹಾಜರಿ ಪುಸ್ತಕಗಳು. ಗೋಡೆಯ ಮೇಲೆ ಜಿರಾಫೆ ಮಾತ್ರ ಬಹಳ ಚಂದ ಬರೆಸಿದ್ದರು. ಕೇಳಿದರೆ “ಯಾರೂ ಕೂಸು ತರೂದೇ ಇಲ್ರಿ” ಎಂದರು. ನೋಡಿಕೊಳ್ಳಲು ಆಯಾ ಎಲ್ಲಿ ಎಂದೆ. “ಕೂಸು ಬಂದ್ರ ಇಡ್ತೀವ್ರಿ” ಎಂದರು.

ಹಾಗಾಗಿ ‘ಕ್ರೆಶ್ ಇದೆಯೇ’ ಎಂದು ಎಚ್‌ಆರ್‌ನವರನ್ನು ಕೇಳಬೇಡಿ, ಇದೆ ಎಂದೇ ಹೇಳುತ್ತಾರೆ. ‘ಈಗ ಎಷ್ಟು ಮಕ್ಕಳಿದ್ದಾರೆ’ ಎಂದು ಕೇಳಿ. ಅದೇ ಕಂಪನಿಯಲ್ಲಿ ಹೆರಿಗೆ ರಜೆ ಮುಗಿಸಿ ಬಂದ ಒಬ್ಬ ಹೆಣ್ಣುಮಗಳ ಜೊತೆ ಹತ್ತು ನಿಮಿಷ ಫೋನಿನಲ್ಲಿ ಮಾತಾಡಿ. ಬಂದ ಮೇಲೆ ಅವಳ ಕೆಲಸ ಅವಳಿಗೇ ಸಿಕ್ಕಿತೋ, ಬೇರೆ ಮೂಲೆಗೆ ತಳ್ಳಿದರೋ ಎಂಬುದನ್ನು ಅವಳಷ್ಟು ಸರಿಯಾಗಿ ಇನ್ನಾರೂ ಹೇಳಲಾರರು. ಹಳ್ಳಿಯ ಕಡೆ ಸರಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಯೋಜನೆ ತಂದಿತು, ಉದ್ಯೋಗ ಖಾತರಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ. ನಗರದ ಕೈಗಾರಿಕಾ ಪ್ರದೇಶಗಳಿಗೂ ಅಂಥದೊಂದು ಬೇಕು ಎಂದು ಕೇಳುವವರು ಯಾರು? ಇಲ್ಲಿ ಸಂಘದವರು ಕೂತಿದ್ದೀರಿ, ಮುಂದಿನ ಮನವಿ ಪತ್ರದಲ್ಲಿ ಸೇರಿಸಿಕೊಳ್ಳಿ.

ಕ್ಲಾಡಿಯಾ ಗೋಲ್ಡಿನ್ ಎಂಬ ಅರ್ಥಶಾಸ್ತ್ರಜ್ಞೆಗೆ 2023ರಲ್ಲಿ ನೊಬೆಲ್ ಬಂತು. ಅಮೆರಿಕದ ಇನ್ನೂರು ವರ್ಷಗಳ ದಾಖಲೆ ಜಾಲಾಡಿದವರು ಅವರು. ಒಂದೇ ಓದು, ಒಂದೇ ಕೆಲಸದ ಗಂಡು ಹೆಣ್ಣಿನ ಪಗಾರ ಮೊದಲು ಹೆಚ್ಚೂಕಡಿಮೆ ಜೊತೆಗೇ ನಡೆಯುತ್ತದೆ, ದೊಡ್ಡ ಅಂತರ ಬೀಳುವುದು ಮೊದಲ ಮಗು ಹುಟ್ಟಿದಲ್ಲಿಂದ ಎಂದು ತೋರಿಸಿದರು. ರಾತ್ರಿ ಹತ್ತಕ್ಕೆ ಫೋನ್ ಎತ್ತುವವನಿಗೆ ಸಾಹೇಬರು ಹೆಚ್ಚು ಕೊಡುತ್ತಾರೆ, ಅವನ ಮನೆಯಲ್ಲಿ ಯಾರೋ ಒಬ್ಬರು ಆ ಫೋನ್ ಬಿಟ್ಟು ಕೂಸನ್ನು ಎತ್ತಿಕೊಂಡಿರುತ್ತಾರೆ. ಹಾಗಾದರೆ ಲೆಕ್ಕಕ್ಕೆ ಗಂಡನನ್ನೂ ತರಬೇಕಲ್ಲ? ಅವನಿಗೆ ಬೆಂಗಳೂರಿಗೆ ಬಡ್ತಿ ಬಂದರೆ ‘ಕೂಸು ಆದ ಮೇಲೆ ಹೋಗಪಾ’ ಎಂದು ಯಾವ ಮನೆಯಲ್ಲಿ ಹೇಳಿದ್ದಾರೆ? ಕೈ ಎತ್ತಿ ನೋಡೋಣ. ಒಬ್ಬರೂ ಇಲ್ಲ. ಖಾಸಗಿ ನೌಕರಿಯಲ್ಲಿ ಅಪ್ಪಂದಿರಿಗೆ ರಜೆ ಕೊಡಲೇಬೇಕೆಂಬ ಕಾಯ್ದೆ ನಮ್ಮ ದೇಶದಲ್ಲಿಲ್ಲ, ಕಂಪನಿ ಕೊಟ್ಟರೆ ಉಂಟು. ಪುಣೆಯ ಆಫರ್ ಬಂದ ಹುಡುಗಿ ಗಂಡನನ್ನು ಕೇಳಬೇಕಾದದ್ದು ‘ನಾನು ಹೋಗ್ಲಾ?’ ಎಂದಲ್ಲ. ‘ನೀನು ಯಾವಾಗ ಬರ್ತಿ? ನಿನಗ ಅಲ್ಲಿ ಕೆಲಸ ಹುಡುಕಾಕ ಎಷ್ಟು ತಿಂಗಳ ಬೇಕು? ಕೂಸಾದ ಮೇಲೆ ರಾತ್ರಿ ಶಿಫ್ಟ್ ಬಿಡ್ತೀಯೇನು?’ ಎಂದು. ಬೆಳಗಾವಿಯಿಂದ ಪುಣೆ ಸುಮಾರು 340 ಕಿಲೋಮೀಟರ್, ಬೆಂಗಳೂರು 500. ರಾತ್ರಿ ಬಸ್ಸಿನ ಊರು. ವಾರಕ್ಕೊಮ್ಮೆ ಬಂದು ಹೋಗುವ ಗಂಡನ ಜೊತೆ ಗರ್ಭ ನಿಲ್ಲುವುದಕ್ಕೂ ತಿಂಗಳುಗಳು ಹೆಚ್ಚೇ ಬೇಕಾಗುತ್ತವೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ, ನೀವು ನಗುತ್ತಿದ್ದೀರಿ ಎಂದರೆ ತಿಳಿದಿದೆ.

ಸೇರುವ ಮೊದಲು ಇನ್ನೆರಡು ಸಣ್ಣ ಕೆಲಸ. ಕಂಪನಿಯ ಆರೋಗ್ಯ ವಿಮೆಯಲ್ಲಿ ಹೆರಿಗೆ ಸೇರಿದೆಯೇ, ಎಷ್ಟು ರೂಪಾಯಿವರೆಗೆ, ಕಾಯುವ ಅವಧಿ ಎಷ್ಟು – ಮೂರನ್ನೂ ಇಮೇಲಿನಲ್ಲಿ ಬರೆಸಿಕೊಳ್ಳಿ. ಸ್ವಂತಕ್ಕೆ ಕೊಳ್ಳುವ ಪಾಲಿಸಿಗಳಲ್ಲಿ ಹೆರಿಗೆಗೆ ಎರಡು, ಮೂರು ವರ್ಷ ಕಾಯಿಸುವುದು ಸಾಮಾನ್ಯ. ಎರಡನೆಯದು, ಕೂಸು ಬೇಕು ಎಂದು ಮನಸ್ಸು ಮಾಡಿದ ದಿನದಿಂದ ಫೋಲಿಕ್ ಆಸಿಡ್, ದಿನಕ್ಕೆ 400 ಮೈಕ್ರೊಗ್ರಾಂ. ಮುಂದೆ ಮಿದುಳು, ಬೆನ್ನುಹುರಿ ಆಗುವ ಕೂಸಿನ ನರನಾಳ ಮುಚ್ಚಿಕೊಳ್ಳುವುದು ಮೊದಲ ನಾಲ್ಕು ವಾರಗಳಲ್ಲೇ, ಮುಟ್ಟು ತಪ್ಪಿತು ಎಂದು ನಿಮಗೆ ಗೊತ್ತಾಗುವ ಹೊತ್ತಿಗೆ.

ಹಿಂದಿನ ಸಾಲಿನಿಂದ ಒಬ್ಬರು ಕೈ ಎತ್ತಿದ್ದಾರೆ. ಹೇಳ್ರಿ ಯಕ್ಕಾ. “ಸೊಸಿ ಪುಣೆಗೆ ಹೋದ್ರ ಹೋಗ್ಲಿ ಬಿಡ್ರಿ. ಕೂಸು ಆತು ಅಂದ್ರ ಕಡೀಕ ನನ್ನೇ ಕರೀತಾರಲ್ರಿ, ಇಲ್ಲಿ ಹೊಲ-ಮನಿ ಯಾರು ನೋಡ್ಬೇಕು?” ಇಷ್ಟು ಹೊತ್ತಿನ ಎಲ್ಲ ಪ್ರಶ್ನೆಗಳಿಗಿಂತ ದೊಡ್ಡ ಪ್ರಶ್ನೆ ಇದು. ಅಜ್ಜಿಯಂದಿರು ಬಿಟ್ಟಿ ಸಿಗುತ್ತಾರೆ ಎಂದು ಲೆಕ್ಕ ಹಾಕಿಯೇ ನಮ್ಮ ಮಕ್ಕಳು ಆಫರ್ ಲೆಟರಿಗೆ ಸಹಿ ಹಾಕುತ್ತಾರೆ. ಯಕ್ಕಾ, ನಿಮ್ಮ ಷರತ್ತು ಈಗಲೇ ಹೇಳಿ. ಬಾಣಂತನದ ಅಂಟಿನ ಉಂಡಿ ಕಟ್ಟಿಕೊಡ್ತೀನಿ, ಎರಡು ತಿಂಗಳು ಬಂದು ಇರ್ತೀನಿ, ಉಳಿದ ತಿಂಗಳು ಬೀಗತಿ ಬರಲಿ, ಅದಾದ ಮೇಲೆ ಆಯಾ ಇಟ್ಟುಕೊಳ್ಳಿ, ಅವಳ ಪಗಾರ ಇಬ್ಬರೂ ಅರ್ಧರ್ಧ ಕೊಡಿ. ಬಸ್ಸಿನ ಟಿಕೀಟು ಮಗನೇ ತೆಗೆಸಲಿ. ಕಬ್ಬಿನ ಕಟಾವಿನ ಹೊತ್ತಿಗೆ ಬರಲಿಕ್ಕಾಗುವುದಿಲ್ಲ ಎಂದು ಸೊಸೆಗೆ ಇವತ್ತೇ ಫೋನ್ ಮಾಡಿ ಹೇಳಿಬಿಡಿ.